ನಾಳೆ ಅಗೆಯುವ ಒರತೆ

ಮಕ್ಕಳೇ, ಬೇಸಿಗೆಯಲ್ಲಿ ಒಣಗಿದ ಹಳ್ಳವನ್ನು ನೀವು ನೋಡಿರಬಹುದು. ಮೇಲೆ ಬರೀ ಮರಳು, ಕಾಲಿಟ್ಟರೆ ಸುಡುತ್ತದೆ. ಆದರೆ ಸರಿಯಾದ ಜಾಗ ಹುಡುಕಿ ಅಗೆದರೆ ಅಡಿಯಿಂದ ನೀರು ಮೆಲ್ಲಗೆ ಒಸರಿ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ಅದನ್ನೇ ಒರತೆ ಅನ್ನುವುದು. ಅಂಥ ಒಂದು ಒರತೆಯನ್ನು ಅಗೆಯಬೇಕಾಗಿದ್ದ ಕಾಡುಹಂದಿಯ ಕತೆ ಇದು.

ಅದು ಬಂಡೆಗಳೂ ಮುಳ್ಳುಪೊದೆಗಳೂ ತುಂಬಿದ ಕುರುಚಲು ಕಾಡು. ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಅದು ಕೆಂಪಗೆ ಉಕ್ಕಿ ಹರಿಯುತ್ತಿತ್ತು, ಚಳಿಗಾಲದಲ್ಲಿ ತಿಳಿಯಾಗಿ ತೆಳ್ಳಗೆ ಹರಿಯುತ್ತಿತ್ತು. ಬೇಸಿಗೆ ಕಾಲಿಟ್ಟರೆ ಒಂದೇ ಒಂದು ಮಡುವಿನಲ್ಲಿ ಮಾತ್ರ ನೀರು ಉಳಿಯುತ್ತಿತ್ತು. ಆ ಮಡುವೂ ಬತ್ತಿದಾಗ ಕಾಡಿನ ಪ್ರಾಣಿಗಳೆಲ್ಲ ಕೆಂಚವ್ವನ ಒರತೆಗೆ ಹೋಗುತ್ತಿದ್ದವು.

ಕೆಂಚವ್ವ ಎಂದರೆ ಒಂದು ಮುದಿ ಕಾಡುಹಂದಿ. ನೀರಿನ ಜಾಗ ವರ್ಷಕ್ಕೊಂದು ಕಡೆ ಬದಲಾದರೂ ಅವಳು ಹುಡುಕಿ, ವರ್ಷವರ್ಷವೂ ಹಳ್ಳದ ಮರಳನ್ನು ಮೂತಿಯಿಂದ ಅಗೆದು ನೀರು ಬರಿಸುತ್ತಿದ್ದಳು. ಹಿಂದಿನ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಅವಳ ಮಗ ಕೋರ ಈಗ ಬೆಳೆದು ಗಟ್ಟಿಮುಟ್ಟಾಗಿದ್ದ. ಹೆಗಲು ಬಂಡೆಯಂತಿತ್ತು. ಬಾಯಿಯ ಎರಡೂ ಬದಿಯಲ್ಲಿ ಕೋರೆಗಳು ಮಿಂಚುತ್ತಿದ್ದವು. "ತಾಯಿಯ ಮೂತಿಯೇ ಬಂದಿದೆ ಇವನಿಗೆ," ಎಂದು ಕಾಡಿನವರು ಹೇಳಿದಾಗ ಕೋರನಿಗೆ ಒಳಗೊಳಗೇ ಹಿಗ್ಗು.

ಆ ವರ್ಷ ಮಡುವಿನ ನೀರು ಅರ್ಧಕ್ಕೆ ಇಳಿದ ಒಂದು ಬೆಳಿಗ್ಗೆ, ನೀರು ಕುಡಿಯಲು ಬಂದ ಪ್ರಾಣಿಗಳೆಲ್ಲ ಅಲ್ಲೇ ನಿಂತು ಮಾತಿಗಿಳಿದವು. ಕಪ್ಪು ಮೋರೆಯ ಮುಸಿಯ ಕೋತಿಗಳ ಹಿರಿಯ ಮುಸಿಯಜ್ಜ ಮರದ ಬೇರಿನ ಮೇಲೆ ಕೂತು ಕತ್ತು ಕೆರೆದುಕೊಂಡ.

"ನನಗೇನೋ ಈ ಸಲ ಧೈರ್ಯವಿಲ್ಲ," ಎಂದ. "ಕೆಂಚವ್ವ ಇಲ್ಲ. ಈಗಲೇ ಹೊರಟರೆ ಬಯಲು ದಾಟಿ ದೊಡ್ಡ ಹೊಳೆಯ ಹತ್ತಿರ ಹೋಗಬಹುದು. ದಾರಿಯಲ್ಲಿ ಅಲ್ಲಲ್ಲಿ ಹೊಂಡಗಳಲ್ಲಿ ಇನ್ನೂ ನೀರಿದೆ. ತಡ ಮಾಡಿದರೆ ಅವೂ ಒಣಗುತ್ತವೆ."

ಚುಕ್ಕೆಜಿಂಕೆ ಹೊನ್ನಿ ತನ್ನ ಪುಟ್ಟ ಮರಿಯನ್ನು ಮೈಗೆ ಒತ್ತಿಕೊಂಡು, "ನಾನೂ ಬರುತ್ತೇನೆ ಅಜ್ಜ," ಎಂದಳು.

ಕೋರ ಕೆಸರಿನಿಂದ ಎದ್ದು ಮೈ ಕೊಡವಿದ.

"ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ. ಈ ಸಲ ಒರತೆ ನಾನು ಅಗೆಯುತ್ತೇನೆ. ಅಮ್ಮನದು ಚಿಕ್ಕ ಗುಂಡಿ, ಸರದಿಯಲ್ಲಿ ನಿಂತು ಕುಡಿಯಬೇಕಾಗಿತ್ತು. ನನ್ನ ಒರತೆ ನೋಡಿ ಹೇಗಿರುತ್ತದೆ ಅಂತ! ಆನೆ ಬಂದು ಕುಡಿದರೂ ತಳ ಕಾಣಬಾರದು."

"ನಿಜವಾಗಿಯೂ ಅಗೆಯುತ್ತೀಯಾ ಕೋರಣ್ಣ?" ಎಂದಳು ಹೊನ್ನಿ. "ನನ್ನ ಮರಿಗೆ ಇನ್ನೂ ಕಾಲು ಗಟ್ಟಿಯಾಗಿಲ್ಲ. ನೀನು ಅಗೆಯುವುದಾದರೆ ನಾನು ಇಲ್ಲೇ ಇರುತ್ತೇನೆ."

"ಇರು ಅಂದೆನಲ್ಲ ಹೊನ್ನಕ್ಕ. ನನ್ನನ್ನು ನಂಬು."

ಹೊನ್ನಿ ನಂಬಿದಳು. ಪೊದೆಯ ಬುಡದಲ್ಲಿ ಮರಿ ಮಾಡಿದ್ದ ಗೌಜಲಹಕ್ಕಿ ಬೂದಕ್ಕನೂ ನಂಬಿದಳು. ಅವಳ ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿರಲಿಲ್ಲ; ನಂಬದೆ ಅವಳಿಗೆ ಬೇರೆ ದಾರಿಯೂ ಇರಲಿಲ್ಲ. ಮುಸಿಯಜ್ಜ ಮಾತ್ರ ತನ್ನ ಗುಂಪನ್ನು ಕರೆದುಕೊಂಡು ಹೊರಟುಹೋದ.

ಅಂದೇ ಕೋರ ಹಳ್ಳಕ್ಕೆ ಇಳಿದ. ದಡದಲ್ಲಿ ಒಂದು ದೊಡ್ಡ ಹೊಳೆಮತ್ತಿ ಮರವಿತ್ತು. ಅದರ ನೆರಳಿನಲ್ಲಿ ನಿಂತು ಮರಳನ್ನು ಮೂಸಿ ನೋಡಿದ. ಜಾಗ ಒಳ್ಳೆಯದೇ ಅನ್ನಿಸಿತು. ಮೂತಿ ತಗ್ಗಿಸಿದ. ಆಗ ಎದೆಯಲ್ಲಿ ಏನೋ ಸಣ್ಣಗೆ ಹಿಂಡಿದಂತಾಯಿತು. ಅಡಿಯಲ್ಲಿ ನೀರಿಲ್ಲದಿದ್ದರೆ?

ಅವನು ತಲೆಯೆತ್ತಿ ಸೂರ್ಯನನ್ನು ನೋಡಿದ.

'ಈಗಲೇ ಬಿಸಿಲೇರಿದೆ. ಇಂಥ ಕೆಲಸವನ್ನು ಬೆಳಗಿನ ತಂಪಿನಲ್ಲಿ ಶುರುಮಾಡಬೇಕು. ನಾಳೆ ಬರೋಣ,' ಎಂದುಕೊಂಡ. ಹಾಗೆಂದುಕೊಂಡ ಕೂಡಲೇ ಎದೆಯ ಹಿಡಿತ ಸಡಿಲಿ ಹಾಯೆನಿಸಿತು.

ಮರುದಿನ ಬೆಳಿಗ್ಗೆ ತಂಪಾಗಿಯೇ ಇತ್ತು. ಆದರೆ ಹೊಟ್ಟೆ ತುಂಬಿರದೆ ಅಷ್ಟು ದೊಡ್ಡ ಕೆಲಸಕ್ಕೆ ಹೋಗುವುದು ಹೇಗೆ? ಗೆಡ್ಡೆ ಹುಡುಕುತ್ತಾ ಗುಡ್ಡದ ಆಚೆ ಹೋದ. ಹೊಟ್ಟೆ ತುಂಬಿತು, ನಿದ್ದೆ ಬಂತು. ಅದರ ಮರುದಿನ, ಕೋರೆ ಮೊಂಡಾಗಿದೆ ಅನ್ನಿಸಿತು. ಬಂಡೆಗೆ ತಿಕ್ಕಿ ತಿಕ್ಕಿ ಹರಿತ ಮಾಡಿದ. ಆಮೇಲೆ ಹೊಳೆಮತ್ತಿಯ ಬುಡಕ್ಕಿಂತ ಮೇಲಿನ ತಿರುವು ಒಳ್ಳೆಯದಿರಬಹುದು ಅನ್ನಿಸಿತು. ಹೋಗಿ ನೋಡಿದ. ಕೆಳಗಿನ ಮರಳುದಿಬ್ಬವೂ ಪರವಾಗಿಲ್ಲ ಅನ್ನಿಸಿತು. ಅಲ್ಲಿಗೂ ಹೋಗಿ ನೋಡಿದ. ಎಲ್ಲ ನೋಡಿದ ಮೇಲೆ ಹೊಳೆಮತ್ತಿಯ ಬುಡವೇ ಸರಿ ಎಂದು ತೀರ್ಮಾನಿಸಿ, ಆ ತೀರ್ಮಾನಕ್ಕೆ ಬಂದಿದ್ದೇ ಒಂದು ಕೆಲಸವಾಯಿತೆಂದು ತೃಪ್ತಿಯಿಂದ ಮಲಗಿದ.

ಹಾಗಂತ ಕೋರ ಸೋಮಾರಿಯಲ್ಲ, ಮಕ್ಕಳೇ. ಆ ದಿನಗಳಲ್ಲಿ ಅವನಷ್ಟು ದುಡಿದವರು ಕಾಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಮುಂಗುಸಿಯ ಬಿಲದ ಬಾಯಿಗೆ ಕಲ್ಲು ಉರುಳಿಬಿದ್ದಾಗ ಓಡಿಹೋಗಿ ಸರಿಸಿದ. ಬೂದಕ್ಕನ ಪೊದೆಯ ಸುತ್ತ ಮುಳ್ಳುಕೊಂಬೆಗಳನ್ನು ಎಳೆದು ತಂದು ಬೇಲಿ ಮಾಡಿಕೊಟ್ಟ. ಯಾರು ಏನು ಕೇಳಿದರೂ ಇಲ್ಲ ಅನ್ನುತ್ತಿರಲಿಲ್ಲ. ಕೇಳದಿದ್ದರೂ ತಾನಾಗಿಯೇ ಹೋಗಿ, "ಏನಾದರೂ ಆಗಬೇಕಾ?" ಎಂದು ವಿಚಾರಿಸುತ್ತಿದ್ದ. ಸಂಜೆಯಾಗುವಷ್ಟರಲ್ಲಿ ಮೈಕೈ ನೋವು. 'ಇವತ್ತು ಎಷ್ಟೊಂದು ಕೆಲಸವಾಯಿತು!' ಎಂದುಕೊಳ್ಳುತ್ತಿದ್ದ. ಆದರೆ ಕಣ್ಣು ಮುಚ್ಚಿದರೆ ನಿದ್ದೆ ಹತ್ತುತ್ತಿರಲಿಲ್ಲ. ಮಾಡಿದ ಕೆಲಸಗಳೆಲ್ಲ ಹಿಂದೆ ಸರಿದು, ಮಾಡದೆ ಉಳಿದಿದ್ದು ಮಾತ್ರ ಎದುರಿಗೆ ಬಂದು ಕೂರುತ್ತಿತ್ತು.

ಆಗ ಅವನು ಮನಸ್ಸಿನಲ್ಲೇ ಒರತೆ ಅಗೆಯುತ್ತಿದ್ದ. ಆ ಒರತೆಯ ನೀರು ಆಕಾಶ ಕಾಣುವಷ್ಟು ತಿಳಿ. ಸುತ್ತ ಜಿಂಕೆಗಳು, ಮೊಲಗಳು, ಹಕ್ಕಿಗಳು. "ಕೆಂಚವ್ವನನ್ನೂ ಮೀರಿಸಿದ," ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ಮನಸ್ಸಿನೊಳಗೆ ಮರಳು ಹಗುರವಾಗಿತ್ತು, ಅಡಿಯಲ್ಲಿ ಬಂಡೆ ಸಿಗುತ್ತಿರಲಿಲ್ಲ. ಅಲ್ಲಿ ಅಗೆದು ಅಗೆದು ಸಾಕಾಗಿ, ನಿಜವಾಗಿ ಅಗೆಯಬೇಕಾದ ಮರಳಿನ ಹತ್ತಿರ ಹೋದರೆ ಕಾಲೇ ಏಳುತ್ತಿರಲಿಲ್ಲ.

ಮಡುವಿನ ನೀರು ಇಳಿಯುತ್ತಲೇ ಇತ್ತು. ಅಂಚಿನ ಕೆಸರು ಒಣಗಿ ಬಿರುಕು ಬಿಟ್ಟಿತು.

ಒಂದು ದಿನ ಹೊನ್ನಿ ಕೇಳಿದಳು: "ಕೋರಣ್ಣ, ಒರತೆ ಎಲ್ಲಿಗೆ ಬಂತು?"

"ಜಾಗ ಗೊತ್ತು ಮಾಡಿದ್ದೇನೆ. ನಾಳೆ ಶುರು."

ಇನ್ನೂ ಸ್ವಲ್ಪ ದಿನ ಕಳೆದ ಮೇಲೆ ಮತ್ತೆ ಕೇಳಿದಳು: "ನಾನೂ ಬಂದು ಗೊರಸಿನಿಂದ ಸ್ವಲ್ಪ ಕೆರೆಯಲಾ? ಇಬ್ಬರಾದರೆ ಬೇಗ ಆಗುತ್ತದೆ."

ಕೋರನಿಗೆ ಮುಖಕ್ಕೆ ಹೊಡೆದಂತಾಯಿತು. "ನನ್ನ ಕೆಲಸ ನನಗೆ ಗೊತ್ತು ಹೊನ್ನಕ್ಕ! ದಿನಾ ಬಂದು ಕೇಳಿದರೆ ಆಗುತ್ತದಾ? ನೀವೆಲ್ಲ ಹೀಗೆ ಪೀಡಿಸುವುದರಿಂದಲೇ ನನಗೆ ತಡವಾಗುತ್ತಿರುವುದು."

ಹೊನ್ನಿ ಕಿವಿ ತಗ್ಗಿಸಿ ಹಿಂದಿರುಗಿದಳು. ಅವಳ ಹಿಂದೆ ಮರಿ ನಿಧಾನವಾಗಿ ನಡೆದುಹೋಯಿತು. ಹಿಂದೆಲ್ಲ ಅದು ಕುಪ್ಪಳಿಸುತ್ತಿತ್ತು. ಈಗ ಕುಪ್ಪಳಿಸುತ್ತಿಲ್ಲವೆಂಬುದನ್ನು ಕೋರ ಕಂಡ. ಕಂಡೂ ಮುಖ ತಿರುಗಿಸಿಕೊಂಡ.

ಕೊನೆಗೊಂದು ಬೆಳಿಗ್ಗೆ ಮಡುವಿಗೆ ಹೋದರೆ ಅಲ್ಲಿ ನೀರಿರಲಿಲ್ಲ. ಹಸಿರುಗಟ್ಟಿದ ಕೆಸರು ಮಾತ್ರ. ಕೋರ ಅದರಲ್ಲೇ ಮೂತಿ ಇಟ್ಟು ಹೀರಿದ. ಗಂಟಲಿಗೆ ಇಳಿದದ್ದು ನೀರೋ ಮಣ್ಣೋ ತಿಳಿಯಲಿಲ್ಲ. ಹೊನ್ನಿಯನ್ನು ಹುಡುಕಿದ. ಅವಳು ಮಲಗುವ ಜಾಗದಲ್ಲಿ ಒಣ ಹುಲ್ಲು ಒತ್ತಿಕೊಂಡಿತ್ತು, ಅವಳಿರಲಿಲ್ಲ.

ಬೂದಕ್ಕ ಪೊದೆಯ ಬುಡದಲ್ಲಿ ರೆಕ್ಕೆ ಹರಡಿ ಕೂತಿದ್ದಳು.

"ಬೂದಕ್ಕ, ಹೊನ್ನಿ ಎಲ್ಲಿ?"

"ಬೆಳಕು ಹರಿಯುವ ಮುಂಚೆಯೇ ಹೊರಟಳು. ಬಯಲಿನ ಕಡೆಗೆ."

"ಈ ಬಿಸಿಲಲ್ಲಾ? ಆ ಮರಿ ಕಟ್ಟಿಕೊಂಡಾ? ದಾರಿಯ ಹೊಂಡಗಳೆಲ್ಲ ಒಣಗಿರುತ್ತವೆ! ಬಯಲಲ್ಲಿ ತೋಳಗಳಿವೆ! ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಲು ನಿನ್ನೆ ಸಂಜೆ ಬಂದಿದ್ದಳು. ನೀನು ಬಂಡೆಗೆ ಕೋರೆ ತಿಕ್ಕುತ್ತಾ ನಿಂತಿದ್ದೆಯಂತೆ. ಸ್ವಲ್ಪ ಹೊತ್ತು ನೋಡಿ ಹಾಗೇ ವಾಪಸು ಬಂದಳು."

ಬೂದಕ್ಕ ಕೊಂಚ ಸರಿದು ಕೂತಳು. ಅವಳ ರೆಕ್ಕೆಯ ಅಡಿಯಿಂದ ಮರಿಗಳು ಕೊಕ್ಕು ತೆರೆದು ಹೊರಗೆ ಬಂದವು. ಒಂದು ಮಾತ್ರ ಬರಲಿಲ್ಲ. ಅದು ಎಲೆಗಳ ನಡುವೆ ಪಕ್ಕಕ್ಕೆ ವಾಲಿ ಬಿದ್ದಿತ್ತು.

"ಇದು ಬೆಳಿಗ್ಗೆ ಏಳಲಿಲ್ಲ," ಎಂದಳು ಬೂದಕ್ಕ. ಬೈಯಲಿಲ್ಲ, ಅಳಲೂ ಇಲ್ಲ.

ಕೋರ ಅಲ್ಲೇ ಕುಸಿದು ಕೂತ. ಬಿಸಿಲು ಏರತೊಡಗಿತ್ತು. ಬೂದಕ್ಕನೇ ಕೇಳಿದಳು:

"ಯಾಕೋ ಕೋರ ಹೀಗೆ ಮಾಡಿದೆ? ನೀನು ಮೈಗಳ್ಳನಲ್ಲ. ಈ ಬೇಲಿಯ ಮುಳ್ಳನ್ನೆಲ್ಲ ಎಳೆದು ತಂದವನು ನೀನೇ. ನಮ್ಮ ಮೇಲೆ ನಿನಗೆ ಪ್ರೀತಿ ಇಲ್ಲ ಅಂತಲೂ ಅಲ್ಲ. ಮತ್ತೆ ಯಾಕೆ?"

ಕೋರ ಇಷ್ಟು ದಿನ ಬಿಸಿಲಿನ ನೆಪ ಹೇಳಿದ್ದ, ಹಸಿವಿನ ನೆಪ ಹೇಳಿದ್ದ, ಕೋರೆ ಮೊಂಡಾಗಿದೆ ಅಂದಿದ್ದ. ಆ ಸತ್ತ ಮರಿಯ ಮುಂದೆ ಅವು ಯಾವುವೂ ಬಾಯಿಗೆ ಬರಲಿಲ್ಲ.

"ಹೆದರಿಕೆ ಬೂದಕ್ಕ," ಎಂದ. "ಅಗೆದು ನೀರು ಸಿಗದಿದ್ದರೆ? ಆಮೇಲೆ ನಾನು ಯಾರು? ಅಗೆಯದೆ ಇರುವಷ್ಟು ದಿನ ನಾನು ಕೆಂಚವ್ವನ ಮಗ. ಎಲ್ಲರೂ ಮರ್ಯಾದೆ ಕೊಡುತ್ತಾರೆ. ಅಗೆದು ಬರಿಗುಂಡಿಯಾದರೆ ಅಮ್ಮನ ಹೆಸರು ಹಾಳು ಮಾಡಿದ ಅನ್ನುತ್ತಾರೆ. ಅಮ್ಮನಿಗೆ ಒಂದೇ ಒಂದು ಸಲವೂ ಹಾಗಾಗಿರಲಿಲ್ಲ."

ಬೂದಕ್ಕ ಆಶ್ಚರ್ಯದಿಂದ ಅವನನ್ನು ನೋಡಿದಳು.

"ಯಾರು ಹೇಳಿದರು ನಿನಗೆ? ಹಳ್ಳದ ಉದ್ದಕ್ಕೂ ನಾವು ಗೌಜಲುಗಳು ಧೂಳಿನಲ್ಲಿ ಹೊರಳಾಡುವ ಗುಳಿಗಳಿವೆಯಲ್ಲ, ಅವು ಏನಂದುಕೊಂಡಿದ್ದೀಯಾ? ಎಲ್ಲ ನಿನ್ನ ಅಮ್ಮನ ಬರಿಗುಂಡಿಗಳೇ! ಅವಳು ಅಗೆಯುವಾಗ ನೀನು ಚಿಕ್ಕವನು, ನೆರಳಲ್ಲಿ ಮಲಗಿಸಿರುತ್ತಿದ್ದಳು. ನೀರು ಬಂದ ಮೇಲೆ ಎಬ್ಬಿಸಿ ಕರೆದುಕೊಂಡು ಹೋಗುತ್ತಿದ್ದಳು. ನೀನು ನೋಡಿದ್ದು ತುಂಬಿದ ಗುಂಡಿಯನ್ನು ಮಾತ್ರ ಕಣೋ."

ಕೋರ ಹಳ್ಳದ ಕಡೆ ನೋಡಿದ. ದಿನವೂ ಕಾಣುತ್ತಿದ್ದ ಗುಳಿಗಳೇ. ಒಂದು ಅಲ್ಲಿ, ಇನ್ನೊಂದು ತಿರುವಿನಲ್ಲಿ, ಮತ್ತೊಂದು ದಡಕ್ಕೆ ಒತ್ತಿಕೊಂಡು. ಅವುಗಳ ಪಕ್ಕದಲ್ಲೇ ಎಷ್ಟು ಸಲ ಓಡಾಡಿದ್ದ! ಅಮ್ಮ ಪ್ರತಿಯೊಂದರ ಮುಂದೆಯೂ ಸುಸ್ತಾಗಿ ನಿಂತಿರಬೇಕು. ಆಮೇಲೆ ಮೈ ಕೊಡವಿ ಮುಂದಿನದಕ್ಕೆ ಹೋಗಿರಬೇಕು.

ಅವನು ಎದ್ದ. ಬಿಸಿಲು ನೆತ್ತಿಯ ಹತ್ತಿರ ಬರುತ್ತಿತ್ತು. ಅಗೆಯಲು ಅದಕ್ಕಿಂತ ಕೆಟ್ಟ ಹೊತ್ತು ಇರಲಿಲ್ಲ. ಹೊಟ್ಟೆ ಖಾಲಿ, ಗಂಟಲು ಒಣಗಿತ್ತು. ಎದೆ ಅಂದಿನಂತೆಯೇ ಹಿಂಡುತ್ತಿತ್ತು. ಕೋರ ಹೊಳೆಮತ್ತಿಯ ಬುಡಕ್ಕೆ ಹೋಗಿ ಮೂತಿಯನ್ನು ಮರಳಿಗೆ ಊರಿದ.

ಮರಳು ಸುಡುತ್ತಿತ್ತು. ಒಂದಷ್ಟು ಆಳಕ್ಕೆ ಹೋದ ಮೇಲೆ ಮರಳು ಮುಗಿದು ಗಟ್ಟಿ ಜಲ್ಲಿ ಸಿಕ್ಕಿತು. ಜಲ್ಲಿಯನ್ನು ಗೊರಸಿನಿಂದ ಕೆದರಿದ. ಅದರ ಅಡಿಯಲ್ಲಿ ಬಂಡೆ. ಮೂಸಿದ, ನೆಕ್ಕಿದ. ಒಂದು ಹನಿ ಪಸೆಯೂ ಇರಲಿಲ್ಲ.

ಇಷ್ಟು ದಿನ ಯಾವುದಕ್ಕೆ ಹೆದರಿದ್ದನೋ ಅದೇ ಆಗಿತ್ತು. ಕೋರ ಗುಂಡಿಯೊಳಗೆ ಕಣ್ಣು ಮುಚ್ಚಿ ನಿಂತ. ಯಾರಾದರೂ ನಗಬಹುದೆಂದು ಕಾದ. ಯಾರೂ ನಗಲಿಲ್ಲ. ದಡದ ಮೇಲೆ ಮರಿಗಳನ್ನು ನೆರಳಿಗೆ ಎಳೆದುಕೊಳ್ಳುತ್ತಿದ್ದ ಬೂದಕ್ಕನಿಗೆ ಅವನ ಹೆಸರಿನ ಬಗ್ಗೆ ಯೋಚಿಸಲು ಪುರುಸೊತ್ತಿರಲಿಲ್ಲ. ಅವಳು ಕೇಳಿದ್ದು ಒಂದೇ ಮಾತು: "ಇನ್ನೆಲ್ಲಿ ನೋಡುತ್ತೀಯಾ?"

ಕೋರ ಮೇಲೆ ಹತ್ತಿ ಬಂದ. ಮೇಲಿನ ತಿರುವಿನಲ್ಲಿ ಅಗೆದ. ಅಲ್ಲೂ ಒಣ ಜಲ್ಲಿ. ಮೂತಿಯ ಚರ್ಮ ಸುಲಿದು ಉರಿಯತೊಡಗಿತು. ಮೂರನೆಯ ಜಾಗ ಅವನು ಹಿಂದೆ ನೋಡಿ 'ಪರವಾಗಿಲ್ಲ' ಅಂದುಕೊಂಡಿದ್ದ ಮರಳುದಿಬ್ಬದ ಪಕ್ಕ. ನೆರಳಿಲ್ಲ, ಚೆಂದವೂ ಇಲ್ಲ, ಸುತ್ತ ಒಣ ಜೊಂಡು. ಅಲ್ಲಿ ಅಗೆಯುತ್ತಾ ಹೋದಂತೆ ಮರಳಿನ ಬಣ್ಣ ಕಪ್ಪಾಯಿತು. ಮೂತಿಗೆ ತಣ್ಣಗೆ ತಗುಲಿತು. ಕೋರ ಉಸಿರು ಬಿಗಿಹಿಡಿದು ಇನ್ನೂ ಕೆದರಿದ. ಗುಂಡಿಯ ಒಂದು ಬದಿ ಮೆತ್ತಗೆ ಕುಸಿಯಿತು. ಕುಸಿದ ಕಡೆಯಿಂದ ನೀರು ಒಸರಿತು. ಕೆಂಪು ನೀರು, ಬೊಗಸೆಯಷ್ಟು.

"ಬೂದಕ್ಕಾ!" ಎಂದು ಕೂಗಿದ. ಧ್ವನಿ ಒಡೆದುಹೋಗಿತ್ತು. "ಬೂದಕ್ಕಾ, ಮರಿಗಳನ್ನು ಕರೆದುಕೊಂಡು ಬಾ!"

ಮರಿಗಳು ಉರುಳಿಕೊಂಡು ಬಿದ್ದುಕೊಂಡು ಗುಂಡಿಗೆ ಇಳಿದವು. ಕೊಕ್ಕು ಅದ್ದಿ, ಕತ್ತೆತ್ತಿ, ನುಂಗಿದವು. ಕೋರ ಆಚೆ ಸರಿದು ನಿಂತು ನೋಡಿದ. ಅವು ಕುಡಿದ ಮೇಲೆ ಬೂದಕ್ಕ ಕುಡಿದಳು. ನೀರು ಮತ್ತೆ ಒಸರುವವರೆಗೆ ಕಾಯಬೇಕಾಯಿತು. ಆನೆಯ ಮಾತು ಹಾಗಿರಲಿ, ಒಂದು ಮೊಲ ಕುಡಿದರೂ ತಳ ಕಾಣುವಂಥ ಒರತೆ ಅದು. ಕೋರ ತಾನೂ ಎರಡು ಗುಟುಕು ಹೀರಿ ಬಯಲಿನ ಕಡೆ ಓಡಿದ.

ಕಾಡು ಮುಗಿಯುವಲ್ಲಿ ಒಂದು ಬೋರೆ ಪೊದೆ. ಅದರ ತೆಳು ನೆರಳಿನಲ್ಲಿ ಹೊನ್ನಿ ನಿಂತಿದ್ದಳು. ಅವಳ ಕಾಲ ಬಳಿ ಮರಿ ಬಿದ್ದುಕೊಂಡಿತ್ತು. ಹೊಟ್ಟೆ ಏರಿಳಿಯುತ್ತಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಎದುರಿಗೆ ಬಯಲು ಬೆಂಕಿಯಂತೆ ಹೊಳೆಯುತ್ತಿತ್ತು.

"ಹೊನ್ನಕ್ಕ! ಬಾ, ನೀರಿದೆ," ಎಂದ ಕೋರ ಏದುಸಿರು ಬಿಡುತ್ತಾ.

ಹೊನ್ನಿ ಅವನ ಕಡೆ ತಿರುಗಿಯೂ ನೋಡಲಿಲ್ಲ.

"ನಾಳೆ ಅಗೆಯುವ ನೀರು ತಾನೇ?" ಎಂದಳು.

ಯಾವ ಮಾತು ಹೇಳಿದರೂ ಅದು ಹಿಂದೆ ಹೇಳಿದ ಮಾತುಗಳ ಹಾಗೇ ಕೇಳಿಸುತ್ತಿತ್ತು. ಕೋರ ಮಂಡಿಯೂರಿ, ಮರಿಯ ಮುಖದ ಹತ್ತಿರ ತನ್ನ ಮೂತಿಯನ್ನು ಚಾಚಿದ. ಮೂತಿಗೆ ಮೆತ್ತಿದ್ದ ಕೆಸರು ಇನ್ನೂ ಹಸಿಯಾಗಿತ್ತು. ಮರಿಯ ಮೂಗಿನ ಹೊಳ್ಳೆ ಅರಳಿತು. ನಾಲಿಗೆ ಮೆಲ್ಲಗೆ ಹೊರಗೆ ಬಂದು ಕೋರನ ಮೂತಿಯನ್ನು ನೆಕ್ಕಿತು. ಇನ್ನೊಮ್ಮೆ ನೆಕ್ಕಿತು. ಸುಲಿದ ಚರ್ಮದ ಮೇಲೆ ಆ ನಾಲಿಗೆ ಉರಿ ಎಬ್ಬಿಸಿತು; ಕೋರ ಅಲುಗಾಡಲಿಲ್ಲ.

ಹೊನ್ನಿ ಈಗ ತಿರುಗಿ ನೋಡಿದಳು. ಅವನ ಮೂತಿಯ ಗಾಯವನ್ನೂ ಕೆಸರನ್ನೂ ನೋಡಿದಳು.

"ಎಷ್ಟು ದೂರ?" ಎಂದಳು.

"ಮರಳುದಿಬ್ಬದ ಹತ್ತಿರ. ಜಾಸ್ತಿ ಇಲ್ಲ ಅಕ್ಕ, ಸ್ವಲ್ಪವೇ. ಕೆಂಪು ನೀರು."

ಮರಿ ಅಮ್ಮನ ಆಸರೆಯಲ್ಲಿ ಎದ್ದು ನಿಂತಿತು. ನಾಲ್ಕು ಹೆಜ್ಜೆ ನಡೆದರೆ ಕೂರುತ್ತಿತ್ತು. ಕೂತಾಗೆಲ್ಲ ಕೋರ ತನ್ನ ದಪ್ಪ ಮೈಯನ್ನು ಬಿಸಿಲಿಗೆ ಅಡ್ಡ ಹಿಡಿದು ನಿಲ್ಲುತ್ತಿದ್ದ. ಹೊತ್ತು ಇಳಿಯುವ ಹೊತ್ತಿಗೆ ಹಳ್ಳ ಸೇರಿದರು. ಆಗಲೇ ಗುಂಡಿಯಲ್ಲಿ ಕೆಸರು ತಳಕ್ಕೆ ಕೂತು ನೀರು ಕೊಂಚ ತಿಳಿಯಾಗಿತ್ತು. ಮರಿ ಮುಂಗಾಲು ಬಗ್ಗಿಸಿ, ಮೂಗಿನವರೆಗೆ ಮುಳುಗಿಸಿ ಕುಡಿಯಿತು.

ಅವತ್ತು ಯಾರೂ ಕೋರನನ್ನು ಹೊಗಳಲಿಲ್ಲ. ಹೊನ್ನಿ ಎಷ್ಟೋ ದಿನ ಅವನೊಂದಿಗೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ಬೂದಕ್ಕ ಮಾತಾಡಿದಳು, ಆದರೆ ತನ್ನ ಮರಿಗಳನ್ನು ಸಾಲಾಗಿ ನಡೆಸಿಕೊಂಡು ಹೋಗುವಾಗ ಒಮ್ಮೊಮ್ಮೆ ನಿಂತು ಹಿಂದೆ ನೋಡುತ್ತಿದ್ದಳು, ಇನ್ನೂ ಒಂದು ಬರಬೇಕಿದೆ ಅನ್ನುವ ಹಾಗೆ. ಅದನ್ನು ಕಂಡಾಗಲೆಲ್ಲ ಕೋರ ತಲೆ ತಗ್ಗಿಸುತ್ತಿದ್ದ. ಒಂದು ದಿನ ಅವನು ಅವಳ ಬಳಿ ಹೋಗಿ, "ತಪ್ಪಾಯಿತು ಬೂದಕ್ಕ," ಎಂದ. ಬೂದಕ್ಕ "ಹೂಂ" ಅಂದಳು. "ಗುಂಡಿಯ ಆ ಬದಿ ಕುಸಿಯುತ್ತಿದೆ, ನೋಡು," ಅಂದಳು. ಕೋರ ಆ ಗಳಿಗೆಯಲ್ಲೇ ಹೋಗಿ ಸರಿಮಾಡಿದ.

ಒರತೆಯನ್ನು ಅವನು ದಿನವೂ ಒಂದಿಷ್ಟು ಅಗಲಿಸುತ್ತಾ ಹೋದ. ಮಳೆ ಬರುವವರೆಗೂ ಅದು ಇದ್ದವರೆಲ್ಲರ ಗಂಟಲು ಒದ್ದೆ ಮಾಡಿತು. ಸರದಿಯಲ್ಲಿ ನಿಂತೇ ಕುಡಿಯಬೇಕಾಗಿತ್ತು. ಕೋರ ಸರದಿಯ ಕೊನೆಯಲ್ಲಿ ನಿಲ್ಲುತ್ತಿದ್ದ.

ಮುಂದಿನ ಬೇಸಿಗೆ ಬಂತು. ಮಳೆಗಾಲದ ಪ್ರವಾಹ ಈ ಸಲ ಎಂದಿಗಿಂತ ಜೋರಾಗಿ ಬಂದು ಹಳ್ಳದ ಮರಳನ್ನೆಲ್ಲ ಅಡಿಮೇಲು ಮಾಡಿತ್ತು. ಹಳೆಯ ಜಾಗ ಗುರುತೂ ಸಿಗದಂತೆ ಮುಚ್ಚಿಹೋಗಿತ್ತು. ಎಲ್ಲ ಹೊಸದಾಗಿಯೇ ಹುಡುಕಬೇಕು. ಮಡುವಿನ ನೀರು ಅರ್ಧಕ್ಕೆ ಇಳಿಯುವ ಮೊದಲೇ ಕೋರ ಒಬ್ಬನೇ ಹಳ್ಳಕ್ಕೆ ಹೋದ. ಮರಳಿನ ಮುಂದೆ ನಿಂತಾಗ ಎದೆ ಹಿಂಡಿತು. ಅಡಿಯಲ್ಲಿ ನೀರಿಲ್ಲದಿದ್ದರೆ ಎಂಬ ಪ್ರಶ್ನೆ ಎದ್ದಿತು. ಆ ಪ್ರಶ್ನೆ ಸುಮ್ಮನಾಗಲೆಂದು ಅವನು ಕಾಯಲಿಲ್ಲ. ಮೂತಿ ತಗ್ಗಿಸಿ ಅಗೆಯತೊಡಗಿದ.

ನೀತಿ: ಸೋಲಿನ ಹೆದರಿಕೆಯೇ ಎಷ್ಟೋ ಸಲ ನಾಳೆ ಎಂಬ ನೆಪವಾಗಿ ನಮ್ಮ ಬಾಯಲ್ಲಿ ಬರುತ್ತದೆ, ಹೆದರಿಕೆ ಹೋಗಲೆಂದು ಕಾಯುತ್ತಾ ಕೂತರೆ ನಮ್ಮನ್ನು ನಂಬಿದವರು ನೋಯುತ್ತಾರೆ, ಆದ್ದರಿಂದ ಮಾಡಬೇಕಾದ ಕೆಲಸವನ್ನು ಹೆದರಿಕೆಯ ಜೊತೆಗೇ ಇಂದೇ ಆರಂಭಿಸಬೇಕು.